ಭಾವನ ಹೆಸರು

ನಮ್ಮ ಕಡೆ ಅಕ್ಕನ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕರೆಯುವಾಗ ಭಾವ ಅಂದರಾಯಿತು. ಬೇರೆಯವರ ಹತ್ತಿರ ಮಾತು ಬಂದರೆ 'ಅಕ್ಕನ ಮನೆಯವರು' ಅನ್ನುತ್ತೇವೆ. ಅದೂ ಬೇಡವೆಂದರೆ ಆತ ಕೂತಿರುವ ಕಡೆಗೆ ಗದ್ದ ಎತ್ತಿ ತೋರಿಸುತ್ತೇವೆ. ಹೆಸರು ಮಾತ್ರ ಇಲ್ಲ. ಸೆಲ್ವಿನ್ ಟಾಬಿ ತನ್ನ ಭಾವನ ಹೆಸರನ್ನು ಹೇಳಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಆಸ್ಟ್ರೇಲಿಯಾದ ಒಂದು ಸೇಬಿನ ತೋಟದ ಶೆಡ್ಡಿನಲ್ಲಿ, ಕೆಲಸ ಶುರುವಾಗುವ ಮೊದಲು, ನಮ್ಮೆಲ್ಲರ ಎದುರಿಗೆ.

ನಾವು ಪೆಂಟೆಕೋಸ್ಟ್ ದ್ವೀಪದವರು. ಹಣ್ಣು ಕೀಳುವ ಕಾಲಕ್ಕೆ ನಮ್ಮ ರಾಜಧಾನಿ ವಿಲಾದಿಂದ ವಿಮಾನ ಹತ್ತಿ ಆ ತೋಟಕ್ಕೆ ಹೋಗುತ್ತಿದ್ದೆವು. ಒಂದು ಬಸ್ಸು ತುಂಬುವಷ್ಟು ಜನ, ಎಲ್ಲ ಒಂದೇ ಊರಿನವರು, ಇಲ್ಲವೇ ಪಕ್ಕದ ಊರಿನವರು. ತೋಟದ ಒಡತಿ ಡೆನೀಸ್. ಐವತ್ತು ದಾಟಿದ, ಬಿಸಿಲಿಗೆ ಮುಖವೆಲ್ಲ ಕೆಂಪಾದ, ಗಟ್ಟಿ ದನಿಯ ಹೆಂಗಸು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಕೆಟ್ಟವಳಲ್ಲ. ನಮ್ಮಲ್ಲೊಬ್ಬನಿಗೆ ಹಲ್ಲುನೋವು ಬಂದಾಗ ತನ್ನ ಕಾರಿನಲ್ಲೇ ಕೂರಿಸಿಕೊಂಡು ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. "ನನ್ನ ಬಾಸ್ ಅನ್ಬೇಡ್ರಪ್ಪ, ಡೆನೀಸ್ ಅನ್ನಿ" ಎಂದು ಎಷ್ಟು ಸಲ ಹೇಳಿದರೂ ವಯಸ್ಸಾದ ಹೆಂಗಸನ್ನು ಹೆಸರು ಹಿಡಿದು ಕರೆಯಲು ನಮಗೆ ನಾಲಿಗೆ ಏಳುತ್ತಿರಲಿಲ್ಲ. ಬಾಸ್ ಅಂತಲೇ ಕರೆಯುತ್ತಿದ್ದೆವು. ಸೆಲ್ವಿನ್ ಒಬ್ಬನೇ ಡೆನೀಸ್ ಅನ್ನುತ್ತಿದ್ದ.

ಅವನು ನಮ್ಮ ತಂಡದ ಲೀಡರ್. ವಿಲಾದಲ್ಲಿ ಓದಿದವನು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಲೀಡರುಗಳಿಗೆಂದು ಪೇಟೆಯಲ್ಲಿ ಒಂದು ತರಬೇತಿ ಕೊಟ್ಟಿದ್ದರು. ಅಲ್ಲಿಂದ ಬಂದ ಮೇಲೆ ಅವನ ಬಾಯಲ್ಲಿ ಒಂದೇ ಮಾತು. "ನೇರವಾಗಿ ಹೇಳಿ. ಏಣಿ ಮುರಿದಿದ್ರೆ ಮುರಿದಿದೆ ಅನ್ನಿ. ಅದು ಬಿಟ್ಟು, ಈ ಸಾಲಿನ ಮರಗಳು ಯಾಕೋ ಎತ್ತರ ಅಂತ ಶುರು ಮಾಡಿದ್ರೆ ಅವರಿಗೆ ಹೇಗೆ ಅರ್ಥ ಆಗಬೇಕು?"

ನಾವು ನಗುತ್ತಿದ್ದೆವು. ಅವನು ಸಾಲಿನೊಳಗೆ ಬರುವುದು ಕಂಡರೆ ಸಾಕು, ಮರದ ಮೇಲಿಂದ ಯಾರಾದರೂ ಕೂಗುತ್ತಿದ್ದರು: "ನೇರ ಸಾಹೇಬ್ರು ಬಂದ್ರು, ನೆಟ್ಟಗೆ ನಿಂತ್ಕೊಳ್ರೋ!" ಹಾಗೆ ಕೂಗುವವರಲ್ಲಿ ಮುಂದಾಳು ಅವನ ಭಾವ, ರೂಬೆನ್.

ಈ ಹೆಸರನ್ನು ನಾನು ಹೇಳಬಹುದು, ನನಗೆ ಅವನು ಭಾವನಲ್ಲ. ಸೆಲ್ವಿನ್ ಚಿಕ್ಕವನಿದ್ದಾಗ ಅವನ ಅಪ್ಪ ಮೀನಿಗೆ ಹೋದವನು ವಾಪಸು ಬರಲಿಲ್ಲ. ಅಕ್ಕನನ್ನು ಮದುವೆಯಾದ ರೂಬೆನ್ ಈ ಮೈದುನನನ್ನೂ ಮಗನ ಹಾಗೆ ಸಾಕಿದ. ತನ್ನ ಹಂದಿಗಳನ್ನು ಮಾರಿ ವಿಲಾಕ್ಕೆ ಓದಲು ಕಳಿಸಿದವನೂ ಅವನೇ. ದೊಡ್ಡ ಆಳು, ಮೆತ್ತಗಿನ ಮಾತು. ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುವ ಕೆಲಸ ಅವನದು ಮತ್ತು ಇನ್ನಿಬ್ಬರದು, ಸರದಿಯ ಮೇಲೆ.

ಆ ಶುಕ್ರವಾರ ಡೆನೀಸ್ ಪೇಟೆಗೆ ಹೋಗಿದ್ದಳು. ರೂಬೆನ್ ಟ್ರ್ಯಾಕ್ಟರನ್ನು ಇಳಿಜಾರಿನ ನೆತ್ತಿಯಲ್ಲಿ ನಿಲ್ಲಿಸಿ, ಕೊಂಬೆಗೆ ಸಿಕ್ಕಿಕೊಂಡ ಯಾರದೋ ಏಣಿ ಬಿಡಿಸಲು ಕೆಳಗಿಳಿದ. ಬ್ರೇಕ್ ಸರಿಯಾಗಿ ಹಾಕಿರಲಿಲ್ಲ. ಹಣ್ಣಿನ ದೊಡ್ಡ ಪೆಟ್ಟಿಗೆಗಳ ಸಮೇತ ಅದು ಮೆಲ್ಲಗೆ ಉರುಳತೊಡಗಿ, ಆಮೇಲೆ ಜೋರಾಗಿ ಉರುಳಿ, ಕೆಳಗಿನ ಹೊಂಡಕ್ಕೆ ಬಿತ್ತು. ಹೊಂಡದ ದಡದಲ್ಲಿ ಕೈ ತೊಳೆಯುತ್ತಿದ್ದ ನಮ್ಮ ಇಬ್ಬರು ಹೆಂಗಸರು ಕಿರುಚಿಕೊಂಡು ಪಕ್ಕಕ್ಕೆ ಹಾರಿದರು. ಯಾರಿಗೂ ಏನೂ ಆಗಲಿಲ್ಲ. ನೀರಿನ ತುಂಬ ಸೇಬು ತೇಲುತ್ತಿದ್ದವು.

ಸಂಜೆ ಅಡುಗೆಮನೆಯ ಮೂಲೆಯಲ್ಲಿ ರೂಬೆನ್ ಪ್ಯಾಟೆಸನ್ ಮಾಮನ ಪಕ್ಕ ಕೂತ. ಪ್ಯಾಟೆಸನ್ ನಮ್ಮೆಲ್ಲರಿಗಿಂತ ಹಿರಿಯ, ಎಲ್ಲರಿಗೂ ಮಾಮ. ಇಬ್ಬರೂ ಬಹಳ ಹೊತ್ತು ಬೇರೇನೇನೋ ಮಾತಾಡಿದರು. ಕೊನೆಗೆ ತೀರ್ಮಾನವಾಯಿತು. ಭಾನುವಾರ ಚರ್ಚು ಮುಗಿದ ಮೇಲೆ ಮಾಮ ಮೊದಲು ಡೆನೀಸ್ ಮನೆಗೆ ಹೋಗುವುದು, ಅವಳ ನಾಯಿಗಳ ಬಗ್ಗೆ, ಮಳೆಯ ಬಗ್ಗೆ ಮಾತಾಡುವುದು. ಅವಳ ಮನಸ್ಸು ಹದವಾದ ಮೇಲೆ ರೂಬೆನ್ ಊರಿಂದ ತಂದಿದ್ದ ಕೆಂಪು ಚಾಪೆ ಹಿಡಿದು ಹೋಗುವುದು, ಅದನ್ನು ಅವಳ ಕಾಲ ಬಳಿ ಇಟ್ಟು, ತಪ್ಪು ನನ್ನದು ಅಂತ ತಾನೇ ಹೇಳುವುದು. ಆ ಚಾಪೆಯನ್ನು ಅವನ ಹೆಂಡತಿ, ಅಂದರೆ ಸೆಲ್ವಿನ್‌ನ ಅಕ್ಕ, ನೇಯ್ದು ಬಣ್ಣ ಕಟ್ಟಿದ್ದಳು.

ಸೆಲ್ವಿನ್ ಆ ಸಂಜೆ ಸಾಮಾನು ತರಲು ಅಂಗಡಿಗೆ ಹೋಗಿದ್ದ. ಮಾರನೆಯ ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಗ ಮಾಮ ಅವನ ಪಕ್ಕ ಬಂದು ನಿಂತ.

"ಬಾಸ್ ನಾಯಿಗಳು ನನ್ನ ಕಂಡ್ರೆ ಬೊಗಳೋದೇ ಇಲ್ಲ ಕಣೋ" ಅಂದ ಮಾಮ. "ನಾಳೆ ಭಾನುವಾರ ಅಲ್ವಾ? ಆ ಕಡೆ ಒಂದು ಸುತ್ತು ಹೋಗಿಬರೋಣ ಅಂತ."

"ಹೋಗಿ ಬನ್ನಿ ಮಾಮ, ಅದಕ್ಕೇನಂತೆ" ಅಂದ ಸೆಲ್ವಿನ್, ತಲೆ ಎತ್ತದೆ.

ನಮ್ಮಲ್ಲಿ ಬೇರೆ ಯಾರೇ ಆಗಿದ್ದರೂ ಅಷ್ಟರಲ್ಲೇ ತಿಳಿದುಕೊಳ್ಳುತ್ತಿದ್ದರು: ನಾಳೆಯವರೆಗೆ ಬಾಯಿ ಬಿಡಬೇಡ, ಎಲ್ಲ ನೋಡಿಕೊಳ್ಳುತ್ತಿದ್ದೇವೆ ಅಂತ. ಸೆಲ್ವಿನ್‌ಗೆ ಅದು ನಾಯಿಯ ಮಾತಾಗಿಯೇ ಕೇಳಿಸಿತು. ಮಾಮನಿಗೂ ಅವನು ಅರ್ಥ ಮಾಡಿಕೊಂಡ ಅಂತಲೇ ಅನಿಸಿತು.

ಶೆಡ್ಡಿನಲ್ಲಿ ಡೆನೀಸ್ ನಮ್ಮನ್ನೆಲ್ಲ ಸೇರಿಸಿದಳು. ಮೊದಲಿಗೆ ಅವಳು ದನಿ ಏರಿಸಲೇ ಇಲ್ಲ.

"ನೋಡಿ, ನಾನು ಯಾರನ್ನೂ ತಿಂದುಹಾಕಲ್ಲ" ಅಂದಳು. "ಟ್ರ್ಯಾಕ್ಟರ್ ಹೋದ್ರೆ ಹೋಗ್ಲಿ. ಆದ್ರೆ ಆ ಇಬ್ಬರು ಹೆಂಗಸರು ಸತ್ತೇ ಹೋಗ್ತಿದ್ರು. ಗಾಡಿನ ಅಲ್ಲಿ ಯಾರು ನಿಲ್ಲಿಸಿದ್ದು, ಹೇಗೆ ನಿಲ್ಲಿಸಿದ್ದು ಗೊತ್ತಾದ್ರೆ ಇನ್ನೊಂದ್ಸಲ ಹೀಗಾಗದ ಹಾಗೆ ನೋಡ್ಕೋಬಹುದು. ಅಷ್ಟೇ ನನಗೆ ಬೇಕಾಗಿರೋದು. ಯಾರು?"

ಎಲ್ಲರೂ ನೆಲ ನೋಡಿದೆವು. ನಮ್ಮ ಲೆಕ್ಕದಲ್ಲಿ ಅದೇ ಉತ್ತರ. ತಪ್ಪಾಗಿದೆ, ಮಾಡಿದವನು ಇಲ್ಲೇ ಇದ್ದಾನೆ, ಅವನು ಬರುತ್ತಾನೆ, ಸ್ವಲ್ಪ ದಾರಿ ಬಿಡು. ಡೆನೀಸ್‌ಗೆ ಅದು ಬೇರೆ ಥರ ಕಂಡಿತು.

"ಓಹೋ. ಎಲ್ಲ ಸೇರಿ ಮುಚ್ಚಿಡ್ತಾ ಇದೀರಾ?" ಅವಳ ಕತ್ತು ಕೆಂಪಾಯಿತು. "ನಾನು ಇಷ್ಟು ಮರ್ಯಾದೆಯಿಂದ ಕೇಳ್ತಿದ್ರೂ? ಸೆಲ್ವಿನ್! ನೀನಾದ್ರೂ ಹೇಳು. ಇವರ ಹಾಗೆ ಗೊಂಬೆ ಥರ ನಿಂತ್ಕೊಳ್ಳಲ್ಲ ಅಂತ ತಾನೇ ನಿನ್ನ ಲೀಡರ್ ಮಾಡಿದ್ದು?"

ಯಾರೂ ಸೆಲ್ವಿನ್ ಕಡೆ ನೋಡಲಿಲ್ಲ, ಆದರೆ ಎಲ್ಲರಿಗೂ ಅವನೇ ಕಾಣುತ್ತಿದ್ದ.

"ರೂಬೆನ್" ಅಂದ.

ನನ್ನ ಪಕ್ಕದಲ್ಲಿದ್ದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಪ್ಯಾಟೆಸನ್ ಮಾಮ ಕಣ್ಣು ಮುಚ್ಚಿದ. ಹೆಸರು ಬಾಯಿಂದ ಹೊರಬಿದ್ದ ಮೇಲೆಯೇ ಸೆಲ್ವಿನ್‌ಗೆ ತಾನು ಹೇಳಿದ್ದೇನೆಂದು ಕೇಳಿಸಿದ್ದಿರಬೇಕು.

ರೂಬೆನ್ ತಲೆ ತಗ್ಗಿಸಿ ನಕ್ಕ. ಅದು ನಗುವಲ್ಲ. ಮೈಮೇಲಿನ ಬಟ್ಟೆ ಕಿತ್ತುಕೊಂಡಾಗ ಮನುಷ್ಯ ಕೈ ಅಡ್ಡ ಹಿಡಿಯುತ್ತಾನಲ್ಲ, ಹಾಗೆ ನಮ್ಮವರು ನಾಚಿಕೆಯಾದಾಗ ನಗುತ್ತಾರೆ. ಡೆನೀಸ್‌ಗೆ ಅದು ಹೇಗೆ ಗೊತ್ತಿರಬೇಕು?

"ನಗು ಬರ್ತಿದೆಯಾ ನಿನಗೆ?" ಅವಳು ಅವನ ಹತ್ತಿರ ಹೋಗಿ ನಿಂತಳು. "ಇಬ್ಬರು ಸತ್ತೇ ಹೋಗಬೇಕಿತ್ತು, ನಿನಗೆ ತಮಾಷೆ! ನೋಡು ಇಲ್ಲಿ, ನನ್ನ ಮುಖ ನೋಡಿ ಮಾತಾಡು!"

ರೂಬೆನ್ ಅವಳ ಮುಖ ನೋಡಲಿಲ್ಲ. ಹಿರಿಯ ಹೆಂಗಸು ಸಿಟ್ಟಿನಲ್ಲಿದ್ದಾಗ ಯಾರು ತಾನೇ ಮುಖ ನೋಡುತ್ತಾರೆ? ಅವನು ಇನ್ನಷ್ಟು ನಕ್ಕ. ಅವಳು ಇನ್ನಷ್ಟು ಕೂಗಿದಳು. ಆಗ ಸೆಲ್ವಿನ್ ಒಂದು ಮಾತು ಹೇಳಬಹುದಿತ್ತು. ಅದು ನಗು ಅಲ್ಲ ಡೆನೀಸ್, ಅವನಿಗೆ ನಾಚಿಕೆಯಾಗಿದೆ ಅನ್ನಬಹುದಿತ್ತು. ಅಷ್ಟು ಇಂಗ್ಲಿಷ್ ನಮ್ಮಲ್ಲಿ ಅವನೊಬ್ಬನಿಗೇ ಬರುತ್ತಿದ್ದದ್ದು. ಅವನು ತನ್ನ ಬೂಟು ನೋಡುತ್ತ ನಿಂತ.

ಡೆನೀಸ್‌ಳ ಸಿಟ್ಟು ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ರೂಬೆನ್‌ನನ್ನು ಟ್ರ್ಯಾಕ್ಟರಿನಿಂದ ತೆಗೆದು ಏಣಿ ಕೆಲಸಕ್ಕೆ ಹಾಕಿದಳು, ಅಲ್ಲಿಗೆ ಅವಳ ಪಾಲಿಗೆ ವಿಷಯ ಮುಗಿಯಿತು. ಸಂಜೆ ಸಾಸೇಜು, ಬ್ರೆಡ್ಡು, ತಣ್ಣನೆಯ ಜ್ಯೂಸು ತಂದು ನಮಗೆಲ್ಲ ತಾನೇ ಸುಟ್ಟು ಬಡಿಸಿದಳು. ರೂಬೆನ್ ಬೆನ್ನು ತಟ್ಟಿ, "ಆಗಿದ್ದಾಯ್ತು ಬಿಡು, ಮನಸ್ಸಿಗೆ ಹಚ್ಕೋಬೇಡ" ಅಂದಳು. ಸೆಲ್ವಿನ್ ಹೆಗಲ ಮೇಲೆ ಕೈಯಿಟ್ಟು ನಮಗೆಲ್ಲ ಕೇಳುವ ಹಾಗೆ, "ಇವನನ್ನ ನೋಡಿ ಕಲೀರಿ, ಎಷ್ಟು ಕಷ್ಟ ಆದ್ರೂ ನಿಜ ಹೇಳ್ದ" ಅಂದಳು. ಸೆಲ್ವಿನ್ ಕೈಯಲ್ಲಿದ್ದ ಬ್ರೆಡ್ಡನ್ನು ತಿನ್ನಲೂ ಆಗದೆ ಬಿಸಾಡಲೂ ಆಗದೆ ಹಿಡಿದುಕೊಂಡು ನಿಂತಿದ್ದ.

ಭಾನುವಾರ ರೂಬೆನ್ ಚರ್ಚಿಗೆ ಬರಲಿಲ್ಲ. ಮಾಮ ಡೆನೀಸ್ ಮನೆ ಕಡೆ ಹೋಗಲಿಲ್ಲ. ಇನ್ನು ಹೋಗಿ ಮಾಡುವುದೇನು? ತಾನಾಗಿ ನಡೆದು ಹೋಗಿ ತಪ್ಪೊಪ್ಪಿಕೊಳ್ಳುವ ಮನುಷ್ಯನನ್ನು ಕತ್ತು ಹಿಡಿದು ಮುಂದೆ ನೂಕಿದಂತಾಗಿತ್ತು. ಮಾಮ ಅದನ್ನು ಸೆಲ್ವಿನ್‌ಗೆ ಆಗ ಹೇಳಿದ, ಈ ಸಲ ಸುತ್ತುಬಳಸದೆ. ಚಾಪೆಯ ವಿಷಯವನ್ನೂ ಹೇಳಿದ.

"ನನಗೆ ಗೊತ್ತಿರಲಿಲ್ಲ ಮಾಮ" ಅಂದ ಸೆಲ್ವಿನ್.

"ನಾನು ಹೇಳಿದ್ನಲ್ಲೋ."

"ಎಲ್ಲಿ ಹೇಳಿದ್ರಿ?"

ಮಾಮ ಅವನನ್ನೇ ನೋಡಿದ. "ನಾಯಿ ವಿಷಯ ಯಾಕೆ ಎತ್ತಿದೆ ಅಂದ್ಕೊಂಡೆ ನೀನು?"

ರೂಬೆನ್ ಸೆಲ್ವಿನ್ ಜೊತೆ ಜಗಳವಾಡಲಿಲ್ಲ. ಮೈದುನ ಅಡುಗೆಮನೆಗೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ, ಅಷ್ಟೇ. ವಾರ ಕಳೆಯುವುದರೊಳಗೆ, ತಾಯಿಗೆ ಹುಷಾರಿಲ್ಲ, ಊರಿಗೆ ಹೋಗಬೇಕು ಅಂತ ಹೇಳಿಕಳಿಸಿದ. ರೂಬೆನ್‌ನ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಮಗೆಲ್ಲ ಗೊತ್ತಿತ್ತು, ಸೆಲ್ವಿನ್‌ಗೂ ಗೊತ್ತಿತ್ತು. ಆ ಮಾತನ್ನು ಡೆನೀಸ್‌ಗೆ ಇಂಗ್ಲಿಷಿನಲ್ಲಿ ಹೇಳಬೇಕಾದವನು ಅವನೇ. ಹೇಳಿದ. ಡೆನೀಸ್ ಕಣ್ಣಲ್ಲಿ ನೀರು ತುಂಬಿಕೊಂಡು ರೂಬೆನ್‌ನನ್ನು ತಬ್ಬಿಕೊಂಡಳು. "ಪಾಪ, ಅಮ್ಮನಿಗೆ ನನ್ನ ಪ್ರೀತಿ ತಿಳಿಸು" ಅಂದಳು. ರೂಬೆನ್ ಮತ್ತೆ ಅದೇ ನಗು ನಕ್ಕ.

ಅವನು ವಿಮಾನ ಇಳಿಯುವ ಮೊದಲೇ ಸುದ್ದಿ ಊರು ತಲುಪಿತ್ತು. ಸೆಲ್ವಿನ್ ಫೋನ್ ಮಾಡಿದರೆ ಅಕ್ಕ ಎತ್ತಲಿಲ್ಲ. ಕೊನೆಗೆ ಅಮ್ಮ ಎತ್ತಿದಳು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಇರುತ್ತಿದ್ದೆವು, ಅವಳ ದನಿ ನನಗೂ ಕೇಳಿಸುತ್ತಿತ್ತು.

"ಹೆಸರು ಹೇಳ್ದೆಯಂತೆ. ಹೌದೇನೋ?"

"ಹೌದಮ್ಮ."

"ಎಲ್ಲರ ಎದುರಿಗೆ?"

"ಹೌದು."

"ಬಿಳಿ ಹೆಂಗಸಿನ ಎದುರಿಗೂ?"

ಫೋನಿನಲ್ಲಿ ಕಡಲಿನ ಸದ್ದೋ ಗಾಳಿಯ ಸದ್ದೋ ಬರುತ್ತಿತ್ತು. "ನಿನ್ನ ಅಕ್ಕ ನೀರಿಗೆ ಹೋಗೋದನ್ನೂ ಬಿಟ್ಟಿದ್ದಾಳೆ. ಹೆಂಗಸರ ಮುಖ ಹೇಗೆ ನೋಡ್ಲಿ ಅಂತಾಳೆ" ಅಂದು ಅಮ್ಮ ಫೋನ್ ಇಟ್ಟಳು.

ಆಮೇಲೆ ತೋಟದಲ್ಲಿ ಹಾಡು ನಿಂತುಹೋಯಿತು. ಹಣ್ಣು ಕೀಳುತ್ತ ಹಾಡುವುದು ನಮಗೆ ಅಭ್ಯಾಸ. ಯಾರೂ ಬೇಡ ಅನ್ನಲಿಲ್ಲ, ತಾನಾಗಿ ನಿಂತಿತು. ಡೆನೀಸ್‌ಗೂ ಗೊತ್ತಾಯಿತು. ಒಂದು ದಿನ ಅವಳು ಸೆಲ್ವಿನ್‌ನನ್ನು ಮನೆಯ ಜಗಲಿಯಲ್ಲಿ ಕೂರಿಸಿ ಟೀ ಕೊಟ್ಟು ಕೇಳಿದಳು. ಅಲ್ಲಿ ನಡೆದದ್ದನ್ನು ಸೆಲ್ವಿನ್ ನನಗೆ ಆಮೇಲೆ ಹೇಳಿದ.

"ಏನಾಗಿದೆ ಇವರಿಗೆಲ್ಲ? ಸಂಬಳ ಕಡಿಮೆಯಾಯ್ತಾ? ಊಟ ಸರಿಯಿಲ್ವಾ? ಹೇಳು."

ಈ ಸಲ ಅವನು ಎಲ್ಲವನ್ನೂ ಹೇಳಿದ. ಚಾಪೆ, ಭಾನುವಾರ, ಮಾಮನ ನಾಯಿ ಮಾತು, ಹೆಸರು, ಆ ನಗು. ರೂಬೆನ್‌ಗೆ ತಾಯಿಯೇ ಇಲ್ಲ ಎಂದೂ ಹೇಳಿದ. ಡೆನೀಸ್ ಟೀ ಲೋಟವನ್ನು ಕೆಳಗಿಟ್ಟಳು.

"ನಾಚಿಕೆಯಿಂದ ಸಾಯ್ತಾ ಇದ್ದವನಿಗೆ ನಾನು ನಗ್ತೀಯಾ ಅಂತ ಬೈದ್ನಾ?"

"ಹೂಂ."

"ನೀನು ಅಲ್ಲೇ ನಿಂತಿದ್ದೆ."

"ನಿಂತಿದ್ದೆ."

"ಅಯ್ಯೋ ದೇವರೇ." ಅವಳು ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ತಕ್ಷಣ ಎದ್ದು ನಿಂತಳು. "ಸರಿ, ನಂಬರ್ ಕೊಡು. ಈಗ್ಲೇ ಫೋನ್ ಮಾಡಿ ಅವನ ಹತ್ರ ಕ್ಷಮೆ ಕೇಳ್ತೀನಿ."

ಸೆಲ್ವಿನ್ ಗಾಬರಿಯಾದ. "ಬೇಡ ಬಾಸ್! ಫೋನ್ ಮಾತ್ರ ಬೇಡ. ಅವರು ಇನ್ನೂ ಕುಗ್ಗಿಹೋಗ್ತಾರೆ."

"ಹಾಗಾದ್ರೆ ಏನು ಮಾಡ್ಲಿ?"

"ಸದ್ಯಕ್ಕೆ ಏನೂ ಇಲ್ಲ. ಕಾಯಬೇಕು."

"ಕಾಯೋದು ಒಂದು ಕೆಲಸಾನಾ?" ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದಿತ್ತಂತೆ. "ನಿಮ್ಮ ಕಡೆ ಇಂಥದಕ್ಕೆ ಏನು ಕೊಡ್ತಾರೆ?"

"ಚಾಪೆ. ಹಂದಿ."

"ನನ್ನ ಹತ್ರ ಹಂದಿ ಇಲ್ವಲ್ಲೋ."

ಅವಳು ಕೊನೆಗೆ ಪೇಟೆಗೆ ಹೋಗಿ ಒಂದು ಉಣ್ಣೆಯ ಕಂಬಳಿ ತಂದಳು, ಒಳ್ಳೆಯದು, ದಪ್ಪನೆಯದು. ನಾವು ಹೊರಡುವ ದಿನ ಅದನ್ನು ಸೆಲ್ವಿನ್ ಕೈಗೆ ಕೊಡುವಾಗ ಅವಳ ಮುಖದಲ್ಲಿ ಒಂದು ಥರದ ನಗು ಇತ್ತು. ಅವಳಿಗೂ ಹಾಗೆ ನಗುವುದು ಬರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಊರಲ್ಲಿ ಸೆಲ್ವಿನ್ ಮೊದಲು ಅಕ್ಕನ ಮನೆಗೆ ಹೋಗಲಿಲ್ಲ. ಹೋಗುವಂತಿರಲಿಲ್ಲ. ಚಿಕ್ಕಪ್ಪಂದಿರನ್ನು ಮುಂದಿಟ್ಟುಕೊಂಡು ನಕಮಾಲಿಗೆ, ಗಂಡಸರು ಸಂಜೆ ಕಾವಾ ಬೇರಿನ ರಸ ಕುಡಿಯಲು ಸೇರುವ ಆ ಉದ್ದನೆಯ ಮನೆಗೆ, ಬಂದ. ಕೊಂಬಿನಂಥ ಕೋರೆಯ ಹಂದಿಯೊಂದನ್ನು ಕಟ್ಟಿ ತಂದಿದ್ದ, ಅದಕ್ಕಾಗಿ ಯಾರ ಯಾರ ಹತ್ತಿರವೋ ಕೈ ಚಾಚಿದ್ದ. ಕೆಂಪು ಚಾಪೆಗಳ ಮೇಲೆ ಡೆನೀಸ್‌ಳ ಕಂಬಳಿ. ಎಲ್ಲವನ್ನೂ ನೆಲಕ್ಕಿಟ್ಟು ತಲೆ ತಗ್ಗಿಸಿ ನಿಂತ. ಅವನು ಮಾತಾಡುವ ಹಾಗಿರಲಿಲ್ಲ. ಹಿರಿಯ ಚಿಕ್ಕಪ್ಪ ಅವನ ಪರವಾಗಿ ಮಾತಾಡಿದ: ನಮ್ಮ ಹುಡುಗ ಹೊರಗಿನ ಮಾತು ಕಲಿತು ಮನೆಯ ಮಾತು ಮರೆತ, ಅವನ ಬಾಯಿಗೆ ನಾವು ಹೊಣೆ.

ರೂಬೆನ್ ಎದುರಿಗೆ ಕೂತಿದ್ದ. ಅವನ ಕಡೆಯಿಂದ ಅವನ ಅಣ್ಣ ಎದ್ದ.

"ಟ್ರ್ಯಾಕ್ಟರ್ ಬೀಳಿಸಿದ್ದು ನಮ್ಮವನೇ, ಅದಕ್ಕೆ ಬೈಸಿಕೊಂಡದ್ದಕ್ಕೆ ಬೇಜಾರಿಲ್ಲ" ಅಂದ. "ಆ ಹೆಂಗಸಿನ ಮನೆವರೆಗೆ ತನ್ನ ಕಾಲಲ್ಲಿ ನಡೆದು ಹೋಗಬೇಕು ಅಂತ ಆಸೆಯಿತ್ತು. ಅದೊಂದು ಆಗಲಿಲ್ಲ. ಇಷ್ಟೇ ನಾವು ಹೇಳೋದು."

ಆಮೇಲೆ ರೂಬೆನ್ ಬಂದು ಹಂದಿಯ ಹಗ್ಗ ಹಿಡಿದ, ಚಾಪೆಗಳನ್ನು ಮುಟ್ಟಿದ, ಕಂಬಳಿಯನ್ನೂ ಮುಟ್ಟಿದ. ಸೆಲ್ವಿನ್ ಕೈ ಹಿಡಿದು ಕುಲುಕಿದ. ಇಬ್ಬರೂ ಒಂದೇ ಚಿಪ್ಪಿನಿಂದ ಕಾವಾ ಕುಡಿದರು. ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಹೀಗೆ ಮುಗಿದ ವಿಷಯವನ್ನು ಇನ್ನು ಯಾರೂ ಎತ್ತುವ ಹಾಗಿಲ್ಲ, ಎತ್ತಿದವನೇ ತಪ್ಪುಗಾರ.

ಸೆಲ್ವಿನ್ ಸಿಕ್ಕಿಹಾಕಿಕೊಂಡದ್ದು ಅಲ್ಲೇ. ಅವನಿಗೆ ಇನ್ನೂ ಹೇಳುವುದಿತ್ತು. ಹೆಸರು ಹೇಳಿದ್ದಕ್ಕೆ ಹಂದಿ ಕೊಟ್ಟದ್ದಾಯಿತು, ಆದರೆ ಡೆನೀಸ್ ಕೂಗುತ್ತಿದ್ದಾಗ ಬೂಟು ನೋಡುತ್ತ ನಿಂತದ್ದಕ್ಕೆ? ಅದನ್ನು ನಕಮಾಲಿನಲ್ಲಿ ಯಾರೂ ಎತ್ತಲಿಲ್ಲ. ಅದು ತಪ್ಪು ಅಂತ ಊರಿಗೆ ಗೊತ್ತೇ ಇರಲಿಲ್ಲ, ಸುಮ್ಮನಿದ್ದದ್ದನ್ನು ಯಾರು ತಪ್ಪು ಅನ್ನುತ್ತಾರೆ? ಗೊತ್ತಿದ್ದದ್ದು ಅವನಿಗೆ, ಭಾವನಿಗೆ, ಅಲ್ಲಿದ್ದ ನಮಗೆ. ಈಗ ಅದನ್ನು ಹೇಳೋಣವೆಂದರೆ ಬಾಗಿಲು ಮುಚ್ಚಿತ್ತು.

ಮುಂದಿನ ವರ್ಷ ಅವನು ತೋಟಕ್ಕೆ ಬರಲಿಲ್ಲ. ರೂಬೆನ್ ಕೂಡ ಬರಲಿಲ್ಲ. ನಾವು ಉಳಿದವರು ಹೋದೆವು. ಡೆನೀಸ್ ನನ್ನನ್ನು ಕೇಳಿದಳು, "ಸೆಲ್ವಿನ್ ಯಾಕೆ ಬರಲಿಲ್ಲ?"

"ಮನೆ ಕಟ್ತಿದ್ದಾನೆ ಬಾಸ್" ಅಂದೆ.

"ನಿಜವಾದ ಮನೆಯಾ, ಅಥವಾ ತಾಯಿಗೆ ಹುಷಾರಿಲ್ಲ ಅಂದ್ರಲ್ಲ, ಆ ಥರದ್ದಾ?"

ನಾನು ನೆಲ ನೋಡಿದೆ. ಅವಳು ಸ್ವಲ್ಪ ಕಾದು, "ಸರಿ" ಅಂದು ಹೊರಟುಹೋದಳು. ಆ ಸಲ ಅವಳು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ನಮಗೂ ಅದು ಕಷ್ಟವಾಗುತ್ತಿತ್ತು. ಒಂದು ದಿನ ತಡೆಯಲಾರದೆ ಗೇಟು ತೆರೆದಿಟ್ಟವರಾರು ಎಂದು ಮತ್ತೆ ಕೂಗಾಡಿದಳು, ಆಮೇಲೆ ಒಳಗೆ ಹೋಗಿ ಸಂಜೆಯವರೆಗೆ ಹೊರಗೆ ಬರಲಿಲ್ಲ.

ನಾನು ಊರಿಗೆ ಬಂದಾಗ ಸೆಲ್ವಿನ್ ನಿಜಕ್ಕೂ ಮನೆಗೆ ಗರಿ ಹೊದಿಸುತ್ತಿದ್ದ. ಅಕ್ಕ ಮಾತಾಡುತ್ತಾಳಾ ಎಂದು ಕೇಳಿದೆ.

"ಮಾತಾಡ್ತಾಳೆ. ಭಾವನೂ ಮಾತಾಡ್ತಾರೆ. ತುಂಬ ಮರ್ಯಾದೆಯಿಂದ ಮಾತಾಡ್ತಾರೆ" ಅಂದ. ಗರಿಯನ್ನು ಕಟ್ಟುತ್ತಿದ್ದ ಕೈ ನಿಂತಿತು. "ಮೊದ್ಲು ಹಾಗಿರಲಿಲ್ಲ ಕಣೋ. ಕಂಡ ಕೂಡಲೇ ಕಾಲೆಳೀತಿದ್ರು."

ಗೆಣಸು ಅಗೆಯುವ ಕಾಲ ಅದು. ರೂಬೆನ್ ತನ್ನ ಹಿತ್ತಲಿನ ಮೊದಲ ಒಳ್ಳೆಯ ಗೆಣಸನ್ನು ಮೈದುನನ ಮನೆಗೆ ತಂದಿದ್ದ, ಪದ್ಧತಿಯಂತೆ. ಸೆಲ್ವಿನ್ ಇಲ್ಲದ ಹೊತ್ತು ನೋಡಿ ಬಾಗಿಲ ಪಕ್ಕ ಇಟ್ಟು ಹೋಗಿದ್ದ. ಒಂದು ಆಳಿನ ತೋಳಿನಷ್ಟು ಉದ್ದದ ಗೆಣಸು, ಮಣ್ಣನ್ನೆಲ್ಲ ತೊಳೆದು ಇಟ್ಟದ್ದು. ಸೆಲ್ವಿನ್ ಅದನ್ನು ನೋಡುತ್ತ ಹೊಸ್ತಿಲಲ್ಲೇ ಕೂತುಬಿಟ್ಟ. ಅವನ ಹೆಂಡತಿ ಬಂದು ಎತ್ತಿಕೊಂಡು ಹೋಗಿ ಬಿಸಿ ಕಲ್ಲಿನ ಮೇಲೆ ಬೇಯಿಸಿ, ತೆಂಗಿನ ಹಾಲು ಸುರಿದು ತಂದಿಟ್ಟಳು. ನನಗೂ ಒಂದು ಎಲೆ ಹಾಕಿದಳು. ಸೆಲ್ವಿನ್ ತಲೆ ಎತ್ತದೆ ತನ್ನ ಪಾಲನ್ನು ಪೂರ್ತಿ ತಿಂದ.